ಕಂಡಕ್ಟರ್ ಬಾರದ ಟ್ರಾಮು

ನಾನೊಂದು ಉಣ್ಣೆಯ ಓವರ್‌ಕೋಟು. ಧಾರವಾಡದಲ್ಲಿ ಓವರ್‌ಕೋಟಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ನಾನೂ ಎಷ್ಟೋ ವರ್ಷ ಅದನ್ನೇ ಕೇಳಿಕೊಂಡಿದ್ದೇನೆ.

ನನ್ನನ್ನು ಹೊಲಿದವನು ಮಾಬುಸಾಬ. ಅವನು ಜನ್ಮದಲ್ಲಿ ಓವರ್‌ಕೋಟು ಹೊಲಿದವನಲ್ಲ. ರೈಲ್ವೆ ಗಾರ್ಡ್ ಒಬ್ಬರ ಹಳೆಯ ಕೋಟನ್ನು ಎದುರಿಗೆ ನೇತುಹಾಕಿಕೊಂಡು, ಅದನ್ನು ನೋಡಿ ನೋಡಿ ನನ್ನನ್ನು ಕತ್ತರಿಸಿದ. ಹೀಗಾಗಿ ನನಗೆ ಮೊಣಕೈ ಮುಳುಗುವಷ್ಟು ಆಳದ ಜೇಬುಗಳು ಬಂದವು. ಹೊಲಿಸಿದವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಗುರುಪಾದಪ್ಪ ಕುಬಸದ. ಅದು ೧೯೮೭ನೇ ಇಸವಿ. ವಿಯೆನ್ನಾ ನಗರದ ಸಮ್ಮೇಳನಕ್ಕೆ ಅವರಿಗೆ ಕರೆ ಬಂದಿತ್ತು.

ಸಮ್ಮೇಳನ ಒಂದು ನೆಪ. ಅವರ ಜೀವ ಇದ್ದದ್ದು ಒಂದು ಒಣ ಹುಲ್ಲಿನ ಮೇಲೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ಒಬ್ಬ ಪರದೇಶಿ ಕಪ್ಪತಗುಡ್ಡದಿಂದ ಒಂದು ಸಣ್ಣ ಹುಲ್ಲು ಕಿತ್ತು ಒಯ್ದಿದ್ದ. ಅದು ವಿಯೆನ್ನಾದ ಒಂದು ಸಸ್ಯಸಂಗ್ರಹದಲ್ಲಿ ಹಾಳೆಗೆ ಅಂಟಿಕೊಂಡು ಕುಳಿತಿತ್ತು. ಅದೇ ಹುಲ್ಲನ್ನು ಅದೇ ಗುಡ್ಡದಲ್ಲಿ ಮತ್ತೆ ಹುಡುಕಲು ಕುಬಸದರು ಹದಿನಾಲ್ಕು ವರ್ಷ ಸವೆಸಿ, ಕೊನೆಗೂ ಒಂದನ್ನು ಕಂಡುಹಿಡಿದಿದ್ದರು. ಎರಡೂ ಒಂದೇ ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಬೇಕಿತ್ತು. ಪತ್ರ ಬರೆದು ಅನುಮತಿ ಪಡೆದಿದ್ದರು. ಸಮ್ಮೇಳನದ ಕೊನೆಯ ದಿನ ಮೂರು ಗಂಟೆಗೆ ಬರಬೇಕು, ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ ಎಂದು ಉತ್ತರ ಬಂದಿತ್ತು.

ಸಮ್ಮೇಳನದ ಮೂರು ದಿನ ಅವರೊಂದಿಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಎದೆಯ ಚೀಟಿಯಲ್ಲಿದ್ದ ಹೆಸರು ಓದಿ, ನಕ್ಕು, ಮುಂದೆ ಹೋಗುತ್ತಿದ್ದರು. ಅವರು ಕಾಫಿ ಹಿಡಿದು ಕಿಟಕಿಯ ಬಳಿ ನಿಲ್ಲುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು.

ಕೊನೆಯ ದಿನ ಎರಡೂವರೆಗೆ ಟ್ರಾಮು ಹತ್ತಿದೆವು. ಆಗ ಆ ಟ್ರಾಮು ಊರಿನ ನಡುಭಾಗವನ್ನು ಬಳಸಿ ಗಾಣದೆತ್ತಿನಂತೆ ಸುತ್ತುತ್ತಿತ್ತು. ಕುಬಸದರು ಕೈಯಲ್ಲಿ ಚಿಲ್ಲರೆ ಹಿಡಿದು ಕುಳಿತರು. ಒಪೆರಾ ಬಂತು. ಅವಳಿ ಕಟ್ಟಡಗಳ ನಡುವೆ ಕುಳಿತ ರಾಣಿಯ ವಿಗ್ರಹ ಬಂತು. ಇಳಿಯಬೇಕಾದದ್ದು ಅಲ್ಲಿಯೇ. ಇಳಿಯಲಿಲ್ಲ, ಏಕೆಂದರೆ ಕಂಡಕ್ಟರ್ ಇನ್ನೂ ಬಂದಿರಲಿಲ್ಲ.

ಅವರ ತಂದೆ ಹುಬ್ಬಳ್ಳಿಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವರು. ಟಿಕೆಟ್ ತೆಗೆಸದೆ ಇಳಿಯುವವನನ್ನು ಅಪ್ಪ ಏನೆಂದು ಬೈಯುತ್ತಿದ್ದರೆಂಬುದು ಮಗನಿಗೆ ಬಾಯಿಪಾಠ. ಆ ಟ್ರಾಮಿನಲ್ಲಿ ಕಂಡಕ್ಟರೇ ಇಲ್ಲ, ಟಿಕೆಟನ್ನು ಮೊದಲೇ ಕೊಳ್ಳಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮುದುಕಿಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಆಕೆ ಜರ್ಮನ್‌ನಲ್ಲಿ ಏನೋ ಹೇಳಿ ಬೆನ್ನು ತಟ್ಟಿದಳು. ಪಾರ್ಲಿಮೆಂಟು, ಕಾಲುವೆ, ಪಾರ್ಕು, ಮತ್ತೆ ಒಪೆರಾ. ರಾಣಿ ಎರಡನೆಯ ಸಲ ಬಂದಳು, ಮೂರನೆಯ ಸಲವೂ ಬಂದಳು. ಚಿಲ್ಲರೆ ಹಿಡಿದ ಅಂಗೈ ಬೆವರಿತ್ತು. ನಾಲ್ಕನೆಯ ಸಲ ಚಾಲಕನೇ ಎದ್ದುಬಂದು ತೋಳು ಹಿಡಿದು ಇಳಿಸಿದ. ನಾವು ಓಡಿದೆವು. ಬಾಗಿಲು ಹಾಕಿತ್ತು. ಅವರು ಮೆಟ್ಟಿಲ ಮೇಲೆ ಕುಳಿತು ನನ್ನ ತೋಳಿನಿಂದ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆಯೇ ವಿಮಾನ. ಊರಲ್ಲಿ ಹಾರ, ಸನ್ಮಾನ. ಪ್ರಿನ್ಸಿಪಾಲರು ಎಲ್ಲರೆದುರು ಕೇಳಿದರು:

"ಹುಲ್ಲು ನೋಡಿದ್ರೇನ್ರಿ ಕುಬಸದ?"

"ನೋಡಿದ್ನಿರಿ. ಎರಡೂ ಒಂದ ಅದಾವ."

ಸುಳ್ಳೆಂದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ನನಗೋ ಬಾಯಿಲ್ಲ.

ಆಮೇಲೆ ನಾನು ಕಾಲೇಜಿನ ಕೋಟಾದೆ. ಯಾರೇ ಪರದೇಶಕ್ಕೆ ಹೊರಟರೂ ಕುಬಸದರ ಮನೆಗೆ ಬಂದು ನನ್ನನ್ನು ಒಯ್ಯುವುದು, ಬಂದ ಮೇಲೆ ಒಂದು ಚಾಕಲೇಟ್ ಡಬ್ಬಿಯೊಂದಿಗೆ ಮರಳಿಸುವುದು ವಾಡಿಕೆಯಾಯಿತು. ಒಬ್ಬ ದಪ್ಪ ಗಣಿತದ ಮೇಷ್ಟ್ರು ನನ್ನ ಕಂಕುಳು ಹರಿದರು. ಎಲ್ಲರೂ ನನ್ನನ್ನು ತೊಟ್ಟು ಯಾವುದೋ ಗಡಿಯಾರದ ಮುಂದೆ ಫೋಟೋ ತೆಗೆಸಿಕೊಂಡರು. ವಿಯೆನ್ನಾಕ್ಕೆ ಮಾತ್ರ ಯಾರೂ ಹೋಗಲಿಲ್ಲ.

ಮೂವತ್ತೆರಡು ವರ್ಷಗಳ ಮೇಲೆ ಮಂದಾಕಿನಿ ಸವಣೂರ ಬಂದಳು. ಕುಬಸದರ ಕೊನೆಯ ಶಿಷ್ಯೆ, ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

"ಸರ್, ವಿಯೆನ್ನಾಕ್ಕ ಹೊಂಟೇನ್ರಿ. ನಿಮ್ಮ ಹುಲ್ಲು ನೋಡಿ ಬರ್ತೀನಿ. ಅಲ್ಲೆ ಬಂದವರ ರಿಜಿಸ್ಟರ್ ಇರ್ತೈತಂತ, ನಿಮ್ಮ ಸಹೀದೂ ಒಂದು ಫೋಟೋ ತರ್ತೀನ್ರಿ."

ಕುಬಸದರ ಮುಖ ಬಾಡಿತು. "ಯಾಕ ಬೇಕವಾ? ಹಳೇ ಪುಸ್ತಕ, ಎಲ್ಲಿ ಕಳೆದಾವೋ ಏನೋ," ಎಂದರು. ನನ್ನನ್ನು ಕೊಡುವಾಗ ಅವರ ಕೈ ಕಾಲರನ್ನು ತುಸು ಹೊತ್ತು ಬಿಡಲಿಲ್ಲ.

ಮಂದಾಕಿನಿ ಟಿಕೆಟನ್ನು ಫೋನಿನಲ್ಲೇ ಕೊಂಡಳು. ಈಗ ಟ್ರಾಮು ಮೊದಲಿನಂತೆ ಸುತ್ತುವುದಿಲ್ಲ. ರಾಣಿಯ ಬಳಿ ಗುಂಡಿ ಒತ್ತಿ ಇಳಿದೇಬಿಟ್ಟಳು. ಇಷ್ಟು ಸುಲಭವಿತ್ತೇ ಎಂದು ನನಗೆ ಹೊಟ್ಟೆಯುರಿಯಿತು.

ಹುಲ್ಲು ಅಲ್ಲೇ ಇತ್ತು. ಅವಳು ತಾನು ತಂದ ಕಪ್ಪತಗುಡ್ಡದ ಹುಲ್ಲಿನ ಫೋಟೋಗಳ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿದಳು. ಎರಡೂ ಒಂದೇ. ಆಮೇಲೆ ೧೯೮೭ರ ರಿಜಿಸ್ಟರ್ ತರಿಸಿದಳು. ಆ ತಾರೀಖು ಸಿಕ್ಕಿತು. ಮೂರು ಗಂಟೆಯ ಎದುರು ಅಂದಿನ ಗುಮಾಸ್ತರ ಅಕ್ಷರದಲ್ಲಿ ಕುಬಸದರ ಹೆಸರಿತ್ತು. ಸಹಿಯ ಜಾಗ ಖಾಲಿ. ಫೋಟೋ ಬೇಕೇ ಎಂದು ಕೌಂಟರಿನ ಹೆಂಗಸು ಕೇಳಿದಳು. ಮಂದಾಕಿನಿ ಬೇಡವೆಂದು ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಹೊರಗೆ ಬಂದು, ಅಂದು ಕುಬಸದರು ಕುಳಿತಿದ್ದ ಮೆಟ್ಟಿಲ ಮೇಲೆಯೇ, ನನ್ನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ಕುಳಿತಳು.

ಮರಳಿದ ಮೇಲೆ ಚಾಕಲೇಟ್ ಡಬ್ಬಿ, ನಾನು, ಫೋನಿನಲ್ಲಿ ಹುಲ್ಲಿನ ಫೋಟೋ. ಕುಬಸದರು ಕನ್ನಡಕ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದರು.

"ಇಷ್ಟ ಸಣ್ಣದೈತೇನು?" ಎಂದುಬಿಟ್ಟರು.

ಒಮ್ಮೆ ನೋಡಿದವರು ಕೇಳುವ ಮಾತಲ್ಲ ಅದು. ಮಂದಾಕಿನಿ ನನ್ನ ಗುಂಡಿ ತಿರುವುತ್ತಾ ಹೇಳಿದಳು:

"ಮೂವತ್ತೆರಡು ವರ್ಷ ಆತಲ್ರಿ ಸರ್. ನೀವು ನೋಡಿದ ಮ್ಯಾಲೆ ಇನ್ನಷ್ಟು ಒಣಗಿರಬೇಕು. ಎರಡೂ ಒಂದ ಅದಾವ್ರಿ, ನೀವು ಹೇಳಿದ್ಹಂಗ."

ಸಹಿಯ ಮಾತು ಅವಳು ಎತ್ತಲಿಲ್ಲ. ಅವರು ಫೋನನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು:

"ಕಂಡಕ್ಟರ್ ಬರಲೇ ಇಲ್ಲ ಯವ್ವಾ. ಟಿಕೆಟ್ ಇಲ್ಲದ ಹೆಂಗ ಇಳೀಲಿ?"

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅವರು ಎಲ್ಲವನ್ನೂ ಹೇಳಿದರು: ಒಪೆರಾ, ರಾಣಿ, ಚಿಲ್ಲರೆ, ಮುದುಕಿ, ಮುಚ್ಚಿದ ಬಾಗಿಲು. ಅವಳು ನಗಲಿಲ್ಲ.

ಈಗ ನಾನು ಮತ್ತೆ ಟ್ರಂಕಿನಲ್ಲಿದ್ದೇನೆ. ಅಂಚು ಸವೆದಿದೆ, ಇನ್ನು ಯಾರೂ ನನ್ನನ್ನು ಒಯ್ಯಲಾರರು. ಒಂಟಿತನ ನನಗೆ ಹೊಸದಲ್ಲ. ಆದರೆ ಕುಬಸದರ ಚಿಂತೆ ಈಗ ನನಗಿಲ್ಲ. ಮೂವತ್ತೆರಡು ವರ್ಷ ಅವರು ಒಬ್ಬರೇ ಆ ಟ್ರಾಮಿನಲ್ಲಿ ಚಿಲ್ಲರೆ ಹಿಡಿದು ಸುತ್ತುತ್ತಿದ್ದರು. ಆ ಸಂಜೆ ಇಳಿದರು.