ಎರಡು ಮನೆಯ ಬೆಕ್ಕು

"ಈ ಬೆಕ್ಕು ನಿಮ್ಮದಲ್ಲವಲ್ಲ ಮೇಡಂ," ಎಂದಳು ಕೌಂಟರಿನ ಹುಡುಗಿ.

ಕಂಡಕ್ಟರಮ್ಮ ಕೌಂಟರಿನ ಮೇಲಿಟ್ಟಿದ್ದ ಬುಟ್ಟಿಯ ಟವೆಲ್ ಸರಿಸಿ ಒಳಗೆ ನೋಡಿದಳು. ಬೆಕ್ಕು ಒಂದು ಕಣ್ಣು ತೆರೆದು, ಇವಳೇ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚಿತು. ಅದರ ಹೊಟ್ಟೆಯ ಕೂದಲನ್ನೆಲ್ಲ ಬೋಳಿಸಿ, ಹೊಲಿಗೆ ಹಾಕಿ, ಸುತ್ತಲೂ ಹಸಿರು ಪಟ್ಟಿ ಬಿಗಿದಿದ್ದರು. ಪ್ರಾಣಿಗಳ ಆಸ್ಪತ್ರೆಗಳಲ್ಲಿ ಹಸಿರು ಪಟ್ಟಿ ಸುತ್ತುವುದು ಆ ಬಡಾವಣೆಯಲ್ಲಿ ಇದೊಂದೇ.

"ನನ್ನದಲ್ಲದೆ ನಿಮ್ಮಪ್ಪಂದಾ?"

ನಾಯಿ ಹಿಡಿದು ಕೂತಿದ್ದ ಒಬ್ಬರು ಕಿಸಕ್ಕನೆ ನಕ್ಕರು. ಹುಡುಗಿಯ ಮುಖ ಕೆಂಪಾಯಿತು. "ಹಾಗಲ್ಲ ಮೇಡಂ, ಇದರ ಹೆಸರು ರಸ್ಕು. ಆಪರೇಷನ್ನಿಗೆ ಕರಕೊಂಡು ಬಂದಿದ್ದವರು ಬೇರೆ. ಸಹಿ ಮಾಡಿದ್ದೂ ಅವರೇ."

"ರಸ್ಕಾ! ಬೆಕ್ಕಿಗೆ ಯಾರಾದ್ರೂ ರಸ್ಕು ಅಂತಾರೇನೇ? ಇವಳ ಹೆಸರು ಚಿಲ್ಲರೆ."

ಈ ಸಲ ನಾಯಿಯವರು ಜೋರಾಗಿಯೇ ನಕ್ಕರು.

ಬಸ್ಸಿನಲ್ಲಿ ಟಿಕೆಟ್ ಹರಿದೇ ಕೂದಲು ಬೆಳ್ಳಗಾದವಳು ಕಂಡಕ್ಟರಮ್ಮ. ಕೆಲಸದ ಕೊನೆಯ ವರ್ಷ ಡಿಪೋದ ಮೂಲೆಯಲ್ಲಿ ಒಂದು ಮರಿ ಸಿಕ್ಕಿತ್ತು. ಎತ್ತಿಕೊಂಡರೆ ಸೀದಾ ಅವಳ ಚರ್ಮದ ಚೀಲದೊಳಗೆ ಇಳಿದು ನಾಣ್ಯಗಳ ಮೇಲೆ ಮುದುಡಿ ಮಲಗಿತ್ತು. ಅದಕ್ಕೇ ಚಿಲ್ಲರೆ. ಸರ್ಕಾರಿ ಪಶು ಆಸ್ಪತ್ರೆಗೆ ಒಯ್ದು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೂ ಅವಳೇ. ಹಾಗೆ ಮಾಡಿಸಿದ ಗುರುತಿಗೆ ಅಲ್ಲಿಯವರು ಎಡಗಿವಿಯ ತುದಿ ಕತ್ತರಿಸಿದ್ದರು. ಹೊಟ್ಟೆಯ ಮೇಲೆ ಹಳೆಯ ಗಾಯದ ಗೆರೆಯೂ ಇತ್ತು. ಈಗ ಅದರ ಪಕ್ಕದಲ್ಲೇ ಹೊಸದೊಂದು, ಕೆಂಪಗೆ, ಕೀವು ತುಂಬಿ.

ಹಗಲೆಲ್ಲ ಚಿಲ್ಲರೆ ಹೊರಗೇ ಇರುತ್ತಿತ್ತು. "ಡ್ಯೂಟಿಗೆ ಹೋಗಿದ್ದಾಳೆ" ಎನ್ನುತ್ತಿದ್ದಳು ಕಂಡಕ್ಟರಮ್ಮ. ಹೋದ ವಾರ ಡ್ಯೂಟಿಗೆ ಹೋದದ್ದು ರಾತ್ರಿಯೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಕೊನೆಗೆ ಬಂದದ್ದು ಈ ಅವತಾರದಲ್ಲಿ.

ಮಾತು ಕೇಳಿ ಡಾಕ್ಟರು ಒಳಗಿನಿಂದ ಬಂದರು. ವಯಸ್ಸು ಚಿಕ್ಕದು, ಕಣ್ಣ ಕೆಳಗೆ ಮಾತ್ರ ದೊಡ್ಡವರ ಆಯಾಸ. ಅಂಗಿಯ ತೋಳಿಗೆ ನಾಯಿಯ ಕೂದಲು ಅಂಟಿತ್ತು.

"ಡಾಕ್ಟ್ರೇ, ನಾನು ಕೂಗಾಡೋಕೆ ಬಂದಿಲ್ಲ," ಎಂದಳು ಕಂಡಕ್ಟರಮ್ಮ. "ಒಂದೇ ಮಾತು ಕೇಳ್ತೀನಿ. ಒಂದು ಸಲ ಆಪರೇಷನ್ ಆದ ಬೆಕ್ಕಿನ ಹೊಟ್ಟೆ ಮತ್ತೆ ಯಾಕೆ ಕೊಯ್ದಿರಿ?"

ಡಾಕ್ಟರು ಬೆಕ್ಕಿನ ಕಿವಿಯ ಕಡೆ ನೋಡಿದರು, ಬೇಗ ಬೇರೆ ಕಡೆ ನೋಡಿದರು. "ಯಾರು ತಂದು ಒಪ್ಪಿಗೆ ಕೊಟ್ಟರೋ ಅವರ ಹತ್ತಿರ ಮಾತ್ರ ನಾವು ಮಾತಾಡಬಹುದು ಅಮ್ಮ. ನೀವ್ಯಾರು ಅಂತ ನನಗೆ ಹೇಗೆ ಗೊತ್ತು? ದೂರು ಕೊಡೋದಿದ್ರೂ ಅವರೇ ಕೊಡಬೇಕು." ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು. ಇದು ನಿಮ್ಮದೇ ಅಂತಾದ್ರೆ, ನಿಮ್ಮನ್ನ ಕೇಳದೆ ನಿಮ್ಮ ಬೆಕ್ಕನ್ನ ಕೊಯ್ಸಿದವರು ಅವರು. ಮೊದಲು ಸಿಕ್ಕಿಹಾಕಿಕೊಳ್ಳೋದೂ ಅವರೇ. ಪಾಪ, ಯೋಚನೆ ಮಾಡಿ."

ಕಂಡಕ್ಟರಮ್ಮ ಬೆರಳಿನ ಗೆಣ್ಣಿನಿಂದ ಕೌಂಟರನ್ನು ಒಮ್ಮೆ ಕುಟ್ಟಿದಳು. ಬಸ್ಸಿನಲ್ಲಿ ಒಂದು ಸಲ ಕುಟ್ಟಿದರೆ ನಿಲ್ಲು, ಎರಡು ಸಲ ಕುಟ್ಟಿದರೆ ಹೊರಡು. ಅಭ್ಯಾಸ ಕೈಯಲ್ಲೇ ಉಳಿದಿತ್ತು.

"ನನ್ನ ಸ್ಟಾಪು ಇನ್ನೂ ಬಂದಿಲ್ಲ ಡಾಕ್ಟ್ರೇ," ಎಂದು ಬುಟ್ಟಿ ಎತ್ತಿಕೊಂಡಳು.

ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೊಳೆದು ಔಷಧಿ ಕೊಟ್ಟರು. ಜ್ವರ ಇಳಿಯುವ ತನಕ ಮನೆಯಲ್ಲಿ ಬೆಕ್ಕು ಅವಳ ತಮ್ಮನ ಹಳೆಯ ಸ್ವೆಟರಿನ ಮೇಲೆ ಬಿದ್ದುಕೊಂಡಿತ್ತು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅಕ್ಕ ತಮ್ಮ ಇಬ್ಬರೇ ಇದ್ದ ಮನೆ. ಬೆಕ್ಕಿನ ತಲೆ ಸವರುತ್ತ ಅವನೆಂದ:

"ಬಿಟ್ಟುಬಿಡಕ್ಕ. ಬದುಕಿಕೊಂಡಿತಲ್ಲ."

"ಬದುಕಿದ್ದಕ್ಕೇ ಕೇಳ್ತಿರೋದು. ಅವಳಿಗೆ ಬಾಯಿಲ್ಲ, ನನಗಿದೆ."

"ಅದು ಬೀದಿಗೆಲ್ಲ ಗೊತ್ತಿರೋ ವಿಷಯ ಬಿಡು."

"ನಗಬೇಡ. ಯಾಕೆ ಕೊಯ್ದೆ ಅಂದ್ರೆ ನೀನ್ಯಾರು ಅಂತಾನೆ. ಅದೇನು ಉತ್ತರವೇನೋ?"

ಹೊಲಿಗೆ ಒಣಗಿದ ಮೇಲೆ ಒಂದು ಬೆಳಿಗ್ಗೆ ಅವಳು ಕಿಟಕಿ ತೆಗೆದಳು. ಚಿಲ್ಲರೆ ಹೊರಗೆ ಹಾರಿ ಗೋಡೆಯ ಮೇಲೆ ನಡೆಯತೊಡಗಿತು. ಕಂಡಕ್ಟರಮ್ಮ ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಓಣಿಯಲ್ಲಿ. ಬೆಕ್ಕು ಹಿಂದಿನ ಬೀದಿಗೆ ತಿರುಗಿ, ನೀರಿನ ಡ್ರಮ್ಮುಗಳನ್ನು ದಾಟಿ, ಬೇಕರಿಯ ಹಿತ್ತಿಲ ಬಾಗಿಲಿಗೆ ಹೋಗಿ ಒಮ್ಮೆ ಕೂಗಿತು. ಬಾಗಿಲು ತೆರೆಯಿತು. ಮೊಣಕೈವರೆಗೂ ಹಿಟ್ಟು ಬಳಿದುಕೊಂಡಿದ್ದ ಹೆಂಗಸೊಬ್ಬಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, "ಬಂದ್ಯಾ ನನ್ನ ರಸ್ಕು! ಎಲ್ಲಿ ಸತ್ತಿದ್ದೆ ಇಷ್ಟು ದಿನ? ಹುಡುಕಿ ಹುಡುಕಿ ಕಾಲು ಸವೀತು" ಎಂದು ಅದರ ತಲೆಗೆ ತಲೆ ತಾಗಿಸಿದಳು. ಬೆಕ್ಕು ಗುರುಗುಟ್ಟಿದ್ದು ಓಣಿಗೆ ಕೇಳಿಸಿತು.

ಗಂಡ ಇನ್ನೊಂದು ಮನೆ ಮಾಡಿದ್ದನ್ನು ಕಣ್ಣಾರೆ ಕಂಡವಳ ಹಾಗೆ ನಿಂತುಬಿಟ್ಟಳು ಕಂಡಕ್ಟರಮ್ಮ.

"ಆ ಬೆಕ್ಕು ನಂದು," ಎಂದಳು ಕೊನೆಗೆ.

ಬೇಕರಿಯವಳು ತಲೆಯೆತ್ತಿದಳು. "ನಿಮ್ಮದಾ? ನಿಮ್ಮದಾದ್ರೆ ದಿನಾ ಇಲ್ಲಿಗ್ಯಾಕೆ ಬರುತ್ತೆ? ಹೊಟ್ಟೆಗೆ ಹಾಕಲ್ವಾ ನೀವು?"

"ಹಾಕಲ್ವಾ? ಬೆಳಿಗ್ಗೆ ಎದ್ದ ಕೂಡಲೇ ಹಾಲು. ರಾತ್ರಿ ಮೀನು. ಹೊಟ್ಟೆ ಬಿರಿಯೋ ಹಾಗೆ ಹಾಕ್ತೀನಿ!"

"ಬೆಳಿಗ್ಗೆ ಹಾಲು ಹಾಕ್ತೀರಾ?" ಬೇಕರಿಯವಳ ಕೈ ಬೆಕ್ಕಿನ ಬೆನ್ನ ಮೇಲೆ ನಿಂತಿತು. "ನಾನೂ ಹಾಕ್ತೀನಿ. ಹಾಲು, ಬ್ರೆಡ್ಡು. ಮಧ್ಯಾಹ್ನ ಮೊಟ್ಟೆ. ಸಂಜೆ ಹೋಗೋವಾಗ ಇನ್ನೊಂದು ಬಟ್ಟಲು ಹಾಲು."

ಇಬ್ಬರೂ ಬೆಕ್ಕನ್ನು ನೋಡಿದರು. ಅದು ಹಿಟ್ಟಿನ ಚೀಲವೇರಿ ಕಾಲು ನೆಕ್ಕಿಕೊಳ್ಳುತ್ತಿತ್ತು.

"ಹೊಟ್ಟೆ ದಿನೇ ದಿನೇ ದಪ್ಪ ಆಗ್ತಿತ್ತು," ಎಂದಳು ಬೇಕರಿಯವಳು ಮೆಲ್ಲಗೆ. "ನಾನು ಬಸುರಿ ಅಂದುಕೊಂಡೆ."

ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನೋಡಿದರೆ ಎದುರಿಗಿದ್ದವಳ ಕಣ್ಣಲ್ಲೂ ನೀರು. ಅದು ನಗುವಿನದ್ದಲ್ಲ.

"ಡಾಕ್ಟ್ರೂ ಹೌದು ಅಂದ್ರು. ಬುಟ್ಟಿಯಿಂದ ಹೊರಗೂ ತೆಗೀಲಿಲ್ಲ, ಮೇಲಿಂದ ನೋಡಿ, ಬಸುರಿ, ಈಗಲೇ ಆಪರೇಷನ್ ಮಾಡಿದ್ರೆ ಎಲ್ಲಾ ಒಟ್ಟಿಗೆ ಮುಗಿಯುತ್ತೆ ಅಂದ್ರು. ಬೇಕರಿಯಲ್ಲಿ ಮರಿ ಹಾಕಿದ್ರೆ ಗಿರಾಕಿಗಳು ಸುಮ್ಮನಿರ್ತಾರಾ? ಹೂಂ ಅಂದುಬಿಟ್ಟೆ. ಎಲ್ಲಾ ಆದ ಮೇಲೆ ಮರಿ ಎಷ್ಟಿದ್ದವು ಅಂತ ಕೇಳಿದ್ರೆ, ಅದನ್ನೆಲ್ಲ ಕೇಳಬೇಡಿ, ಚೆನ್ನಾಗಿ ಆಯ್ತು ಅಂದ್ರು. ಮನೆಗೆ ತಂದು ಒಳಕೋಣೆಯಲ್ಲಿ ಮಲಗಿಸಿದ್ದೆ, ಕಿಟಕಿ ಹಾರಿ ಹೋಯ್ತು. ಮರಿ ಕೊಂದವಳ ಮುಖ ನೋಡಬಾರದು ಅಂತಲೇ ಹೋಯ್ತು ಅಂದುಕೊಂಡೆ. ಆವತ್ತಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ."

ಕಂಡಕ್ಟರಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತಳು.

"ಮರಿ ಇರಲಿಲ್ಲ ಕಣಮ್ಮ," ಎಂದಳು. "ಮರಿಯಾಗದ ಹಾಗೆ ನಾನು ಯಾವತ್ತೋ ಆಪರೇಷನ್ ಮಾಡಿಸಿದ್ದೆ, ಇರೋಕೆ ಸಾಧ್ಯವೇ ಇಲ್ಲ. ಹೊಟ್ಟೆ ತೆರೆದ ಗಳಿಗೆಯಲ್ಲೇ ಅವರಿಗೆ ಗೊತ್ತಾಗಿರುತ್ತೆ."

ಬೇಕರಿಯವಳಿಗೆ ನಂಬಲೂ ಆಸೆ, ನಂಬಲು ಭಯ. "ನೀವು ಸಮಾಧಾನಕ್ಕೆ ಹೇಳ್ತೀರಿ."

"ಹಾಗಾದ್ರೆ ಅವರ ಬಾಯಿಂದಲೇ ಕೇಳೋಣ. ಬಾ ನನ್ನ ಜೊತೆ. ಪಶುವೈದ್ಯರ ಮಂಡಳಿ ಅಂತ ಇದೆ, ದೂರು ಕೊಟ್ಟರೆ ಕರೆಸಿ ಕೇಳ್ತಾರೆ."

"ಅಯ್ಯೋ, ಬೇಡ! ಸಹಿ ಹಾಕಿದವಳು ನಾನು. ಡಾಕ್ಟ್ರು ಫೋನ್ ಮಾಡಿದ್ರು, ಯಾರೋ ಬಂದು ಬೆಕ್ಕು ತಮ್ಮದು ಅಂತಿದ್ದಾರೆ, ನಿಮಗೇ ತೊಂದರೆ, ಸುಮ್ಮನಿರಿ ಅಂದ್ರು." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಂಡಕ್ಟರಮ್ಮ ಬಾಗಿಲು ಬಡಿಯಲಿಲ್ಲ. ಮರುದಿನ ಬೇಕರಿಯ ಮುಂಬಾಗಿಲಿಂದ ಹೋಗಿ, ಒಂದು ಬನ್ನು, ಒಂದು ಟೀ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಅದರ ಮರುದಿನವೂ ಹಾಗೇ. ದೂರಿನ ಮಾತೆತ್ತಲಿಲ್ಲ. ಬ್ರೇಕು ಕೆಟ್ಟ ಬಸ್ಸಿನಲ್ಲಿ ಜನರನ್ನು ಸಂಭಾಳಿಸಿದ್ದು, ಹೆರಿಗೆ ನೋವಿನ ಹೆಂಗಸಿಗಾಗಿ ಇಡೀ ಬಸ್ಸನ್ನು ಆಸ್ಪತ್ರೆಗೆ ತಿರುಗಿಸಿದ್ದು, ಇಂಥದ್ದನ್ನೇ ಹೇಳಿದಳು. ಬೇಕರಿಯವಳು ಮೊದಮೊದಲು ಮುಖ ತಿರುಗಿಸಿ ಟ್ರೇ ಒರೆಸುತ್ತಿದ್ದಳು. ಆಮೇಲಾಮೇಲೆ ಒರೆಸಿದ ಟ್ರೇಯನ್ನೇ ಒರೆಸುತ್ತ ಕೇಳತೊಡಗಿದಳು. ಮಧ್ಯಾಹ್ನ ಬೆಕ್ಕು ಇಬ್ಬರ ನಡುವೆ ಬೆಂಚಿನ ಮೇಲೆ ಮಲಗಿರುತ್ತಿತ್ತು.

ಒಂದು ದಿನ ಅವಳೇ ಬಂದು ಪಕ್ಕದಲ್ಲಿ ಕೂತಳು. "ಅಕ್ಕ, ಆ ಮರಿಗಳು... ನಿಜವಾಗಲೂ ಇರಲಿಲ್ಲ ಅಂತೀರಾ?"

"ನಾನು ಅಂದ್ರೆ ಏನು ಬಂತು? ನಿನಗೆ ನಿದ್ದೆ ಬರೋದು ಅವರು ಹೇಳಿದ್ರೆ ತಾನೇ?"

ಬೇಕರಿಯವಳು ಏಪ್ರನ್ ಬಿಚ್ಚಿ ಮಡಿಸಿದಳು. "ಯಾವಾಗ ಹೋಗೋಣ?"

ಮಂಡಳಿಯ ಕಚೇರಿಯಲ್ಲಿದ್ದ ಗುಮಾಸ್ತರು ಸಾವಧಾನದ ಮನುಷ್ಯ. ಇಬ್ಬರ ಕಥೆಯನ್ನೂ ಪೂರ್ತಿ ಕೇಳಿ, ಪೆನ್ನು ಕೆಳಗಿಟ್ಟರು. "ಮಾಲೀಕರು ಅಂತ ಒಬ್ಬರೇ ಇರಬೇಕು. ಬೆಕ್ಕು ಈ ಬೇಕರಿಯ ತಾಯಿಯದ್ದು ಅಂದ್ರೆ ದೂರು ಗಟ್ಟಿಯಾಗಿ ನಿಲ್ಲುತ್ತೆ. ನಿಮ್ಮದು ಅಂದಿರೋ, ಒಪ್ಪಿಗೆ ಕೊಟ್ಟದ್ದೇ ತಪ್ಪು ಅಂತಾಗುತ್ತೆ. ಇವರು ಸಿಕ್ಕಿಬೀಳ್ತಾರೆ, ಡಾಕ್ಟರು ಕೈ ತೊಳಕೊಂಡು ಎದ್ದು ಹೋಗ್ತಾರೆ. ವಿಚಾರಣೆ ದಿನ ನಿಮ್ಮನ್ನ ಕೇಳೇ ಕೇಳ್ತಾರೆ. ನೋಡಿಕೊಳ್ಳಿ."

"ಇಬ್ಬರದ್ದೂ ಅಂದ್ರೆ?"

"ಅಮ್ಮಾ, ಒಂದು ಸೀಟಿಗೆ ಎರಡು ಟಿಕೆಟ್ ಕೊಡ್ತಿದ್ರಾ ನೀವು?"

ಆ ದಿನ ಕಂಡಕ್ಟರಮ್ಮ ಮನೆಗೆ ಬಂದು ಚೀಲದ ಕತೆಯನ್ನು ತಮ್ಮನಿಗೆ ಮತ್ತೊಮ್ಮೆ ಹೇಳಿದಳು: ಮರಿ ಹೇಗೆ ನಾಣ್ಯಗಳ ಮೇಲೆ ಮಲಗಿತ್ತು, ಇಳಿಸಹೋದರೆ ಹೇಗೆ ಉಗುರು ಊರಿ ಹಿಡಿದುಕೊಂಡಿತ್ತು. ಎಷ್ಟೋ ಸಲ ಕೇಳಿದ್ದ ಕತೆ. ತಮ್ಮ ಹೊಸದರ ಹಾಗೆ ಕೇಳಿದ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಮೂವರು. ನಡುವೆ ಕೂತವರು ಹಿರಿಯ ಪಶುವೈದ್ಯೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಡಾಕ್ಟರು ಒಂದು ಬದಿ, ಇವರಿಬ್ಬರು ಇನ್ನೊಂದು ಬದಿ. ಡಾಕ್ಟರೇ ಮೊದಲು ಎದ್ದರು.

"ಮೇಡಂ, ಬೆಕ್ಕು ಈ ಬೇಕರಿಯವರದ್ದೇ ಅಲ್ಲ. ಆ ಅಮ್ಮ ನಮ್ಮಲ್ಲಿಗೆ ಬಂದು ತನ್ನದು ಅಂದಿದ್ದರು. ಇವರಿಗೆ ದೂರು ಕೊಡೋ ಹಕ್ಕೇ ಇಲ್ಲ."

ಹಿರಿಯರು ಕನ್ನಡಕ ಏರಿಸಿಕೊಂಡು ಕಂಡಕ್ಟರಮ್ಮನ ಕಡೆ ನೋಡಿದರು. "ಹೇಳಿ ಅಮ್ಮ. ಬೆಕ್ಕು ಯಾರದು?"

ಬೇಕರಿಯವಳ ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಎಷ್ಟು ತೊಳೆದರೂ ಉಗುರುಸಂದಿಯಲ್ಲಿ ಹಿಟ್ಟು ಹಾಗೇ ಇತ್ತು. ಕಂಡಕ್ಟರಮ್ಮ ಆ ಕೈಯನ್ನು ನೋಡಿದಳು. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳುತ್ತಿದ್ದ ದನಿ ಇವತ್ತು ಮೇಜಿನ ತನಕ ಹೋಗಲು ಕಷ್ಟಪಟ್ಟಿತು.

"ಅವಳದ್ದು," ಎಂದಳು. "ಮೊದಲು ನನ್ನ ಹತ್ತಿರ ಇತ್ತು. ಆಗ ನಾನೇ ಆಪರೇಷನ್ ಮಾಡಿಸಿದ್ದೆ, ಅದಕ್ಕೆ ಸಾಕ್ಷಿ ನಾನು. ಈಗ ಬೆಕ್ಕು ಅವಳದ್ದು. ನಮ್ಮನೆಗೆ... ರಾತ್ರಿ ಮಲಗೋಕೆ ಬರುತ್ತೆ, ಅಷ್ಟೇ. ಅವತ್ತು ಆಸ್ಪತ್ರೆಯಲ್ಲಿ ಬಾಯಿ ತಪ್ಪಿ ನಂದು ಅಂದೆ."

ಬೇಕರಿಯವಳು ಗಕ್ಕನೆ ಅವಳ ಕಡೆ ತಿರುಗಿದಳು. ಕಂಡಕ್ಟರಮ್ಮ ನೆಟ್ಟಗೆ ಮುಂದೆಯೇ ನೋಡುತ್ತಿದ್ದಳು.

"ಸರಿ," ಎಂದರು ಹಿರಿಯರು, ಡಾಕ್ಟರ ಕಡೆ ತಿರುಗಿ. "ಕೂದಲು ಬೋಳಿಸಿದ ಮೇಲೆ ಹಳೆಯ ಗೆರೆ ಕಾಣಿಸಲಿಲ್ಲವಾ?"

"ಅವತ್ತು ತುಂಬಾ ಕೇಸುಗಳಿದ್ದವು ಮೇಡಂ. ಸಹಾಯಕರೇ ಬೋಳಿಸಿ ಬಟ್ಟೆ ಮುಚ್ಚಿ..."

"ಕಿವಿ?"

"ನೋಡಲಿಲ್ಲ."

"ತೆರೆದ ಮೇಲೆ?"

ಡಾಕ್ಟರು ಅಂಗಿಯ ತೋಳಿನಿಂದ ಇಲ್ಲದ ಕೂದಲೊಂದನ್ನು ತೆಗೆದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಹೇಳಲು ಹೊರಟು, ಅರ್ಧಕ್ಕೇ ನಿಲ್ಲಿಸಿದರು. ಆಗ ಬೇಕರಿಯವಳು ಎದ್ದು ನಿಂತಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಸಾರ್, ನನಗೆ ಬೇರೆ ಏನೂ ಬೇಡ. ಮರಿ ಇದ್ದವಾ?"

ಡಾಕ್ಟರು ಮೊದಲ ಸಲ ಅವಳ ಮುಖ ನೋಡಿದರು.

"ಇರಲಿಲ್ಲ," ಎಂದರು. "ಏನೂ ಇರಲಿಲ್ಲ. ತೆರೆದ ಕೂಡಲೇ ಗೊತ್ತಾಯ್ತು. ಹೊಲಿದುಬಿಟ್ಟೆ. ನಿಮಗೆ ಹೇಳೋಕೆ... ಹೇಳಬೇಕಿತ್ತು."

ಹಿರಿಯರು ಅದನ್ನು ಬರೆದುಕೊಂಡರು. ತೀರ್ಮಾನವನ್ನು ಮುಂದೆ ತಿಳಿಸುವುದಾಗಿ ಹೇಳಿದರು. ಬೇಕರಿಯವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕಂಡಕ್ಟರಮ್ಮ ಪಕ್ಕದಲ್ಲೇ ನಿಂತು, ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟಳು.

"ಅಕ್ಕ," ಎಂದಳು ಅವಳು ಕೊನೆಗೆ, ಮೂಗೊರೆಸಿಕೊಂಡು. "ಬೆಳಗಿನ ಹಾಲು ನೀವೇ ಹಾಕಿ. ನಾನು ಬಿಡ್ತೀನಿ."

"ಬೇಡ. ಬೆಳಗಿಂದು ನಿಂದು, ರಾತ್ರಿದು ನಂದು. ಇಬ್ಬರೂ ಹಾಕಿದ್ರೆ ಮತ್ತೆ ಬಸುರಿಯಾಗ್ತಾಳೆ."

ಮರುದಿನ ಕಂಡಕ್ಟರಮ್ಮನಿಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಚಿಲ್ಲರೆ ಅಡುಗೆಮನೆಯ ಮೂಲೆಯಲ್ಲಿ ತನ್ನ ಬಟ್ಟಲ ಮುಂದೆ ಕೂತಿತ್ತು. ಬಟ್ಟಲು ತೊಳೆದು ಕವುಚಿಟ್ಟಿತ್ತು. ಬೆಕ್ಕು ಬಟ್ಟಲನ್ನು ನೋಡಿತು, ಅವಳನ್ನು ನೋಡಿತು, ಒಮ್ಮೆ ಕೂಗಿತು.

"ಇಲ್ಲಿ ಏನೂ ಇಲ್ಲ," ಎಂದು ಅವಳು ಕಿಟಕಿ ತೆಗೆದಳು. ಹಿಂದಿನ ಬೀದಿಯಿಂದ ಬ್ರೆಡ್ಡು ಬೇಯುವ ವಾಸನೆ ಬಂತು. ಬೆಕ್ಕು ಕಿಟಕಿಯ ಕಟ್ಟೆಗೆ ಹಾರಿ, ಅಲ್ಲೇ ಕೂತು, ಹೊರಗೂ ಒಳಗೂ ಕತ್ತು ತಿರುಗಿಸಿತು. ಹೊಟ್ಟೆಯ ಮೇಲೆ ಹೊಸ ಕೂದಲು ಮೊಳೆಯುತ್ತಿತ್ತು.

ಕಂಡಕ್ಟರಮ್ಮ ಕೈಯೆತ್ತಿ, ಗೆಣ್ಣಿನಿಂದ ಕಿಟಕಿಯ ಚೌಕಟ್ಟನ್ನು ಎರಡು ಸಲ ಕುಟ್ಟಿದಳು.