ದೊರೆಯ ಬೆನ್ನಿಗೊಂದು ಮೂಲೆ

ಮೂರನೆಯ ದಿನ ಬೆಳಿಗ್ಗೆಯೂ ಹಸಿಮೆಣಸಿನಕಾಯಿ ಇಟ್ಟಲ್ಲೇ ಇತ್ತು. ತೊಟ್ಟು ಬಾಡಿತ್ತು, ಅಷ್ಟೇ. ಗಿಳಿ ಮಾತ್ರ ಸುತ್ತುತ್ತಿತ್ತು. ಪಂಜರದ ಕಂಬಿ ಹಿಡಿದು ಒಂದು ಸುತ್ತು, ಹಿಂದಕ್ಕೆ ತಿರುಗಿ ನೋಡಿ ಇನ್ನೊಂದು ಸುತ್ತು, ನಡುವೆ ಎದೆಯ ಪುಕ್ಕವೊಂದನ್ನು ಕಿತ್ತು ಕೆಳಗೆ ಬಿಡುವುದು. ಟೈಲರ್ ಸ್ಟೂಲಿನ ಮೇಲೆ ನಿಂತು ಗೋಗರೆದ: "ತಿನ್ನೋ ದೊರೆ, ನಿನ್ನ ದಮ್ಮಯ್ಯ ಅಂತೀನಿ. ಒಂದೇ ಒಂದು ಕಚ್ಚು."

ಗಿಳಿ ಅವನ ಅಕ್ಕನದು. ಆಪರೇಷನ್‌ಗೆ ಹೊರಟ ದಿನ ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು: "ಇದೇ ನನಗೆ ಶಕುನ ಕಣೋ. ನಾನು ಬರೋ ಹೊತ್ತಿಗೆ ದೊರೆ ಇದ್ರೆ ನಾನೂ ಇರ್ತೀನಿ." ಹೊಟ್ಟೆ ಕೊಯ್ಸಿಕೊಂಡು, ಗಂಡಾಂತರ ದಾಟಿ, ಇವತ್ತು ಸಂಜೆ ಮನೆಗೆ ಬರುವವಳಿದ್ದಳು.

ಅವಳಿಗೆ ಖುಷಿಯಾಗಲಿ ಎಂದು ಮೊನ್ನೆ ತಮ್ಮನೇ ತುಕ್ಕು ಹಿಡಿದ ಚೌಕದ ಪಂಜರವನ್ನು ಗುಜರಿಗೆ ಹಾಕಿ, ಗುಮ್ಮಟದಂಥ ಹೊಸದನ್ನು ತಂದು ಕೋಣೆಯ ನಟ್ಟನಡುವೆ ತೂಗುಹಾಕಿದ್ದ.

"ಇರಲಾರದೆ ಇರುವೆ ಬಿಟ್ಕೊಂಡೆ," ಎಂದ ಭಾವ, ಆಸ್ಪತ್ರೆಗೆ ಹೊರಡುತ್ತ ಚಪ್ಪಲಿ ಮೆಟ್ಟಿಕೊಂಡು. "ದೊರೆಗೆ ಅರಮನೆ ಕೊಡಿಸಿದಾನಂತೆ! ಅವಳು ಬಂದು ಇದರ ಹೆಣ ನೋಡಿದ್ರೆ ಹೊಲಿಗೆ ಬಿಚ್ಕೊಂಡು ಬಿದ್ದುಬಿಡ್ತಾಳೆ. ಸಂಜೆಯೊಳಗೆ ಏನಾದ್ರೂ ಮಾಡು ಮಾರಾಯ. ಹಾಗೇ ನನ್ನ ಕೋಟೂ ಮಾಡು. ಬಟ್ಟೆ ಕೊಟ್ಟು ಆರು ತಿಂಗಳಾಯ್ತು."

ಟೈಲರ್ ಗುಜರಿ ಅಂಗಡಿಗೆ ಓಡಿದ. ಗುಜರಿಯವನು ತಲೆ ಎತ್ತಲೂ ಇಲ್ಲ. "ಆ ಪಂಜರಾನಾ? ಮೊನ್ನೆಯೇ ಚಪ್ಪಟೆಯಾಗಿ ಲಾರಿ ಹತ್ತಿತು. ಕೊಟ್ಟ ಮೇಲೆ ಅಳೋರನ್ನ ದಿನಾ ನೋಡ್ತೀನಿ."

ಅಲ್ಲಿಂದ ಪಶುವೈದ್ಯರ ಹತ್ತಿರ. ಅವರು ಹಿಂದಿನ ದಿನವೇ ಗಿಳಿಯನ್ನು ನೋಡಿದ್ದರು. "ರೋಗ ಇಲ್ಲಪ್ಪ, ಹೆದರಿದೆ. ಯಾತಕ್ಕೆ ಅಂತ ಮನೇಲಿರೋ ನೀನೇ ಕಂಡುಹಿಡೀಬೇಕು. ಇಷ್ಟು ಸಣ್ಣ ಜೀವ, ಇವತ್ತೂ ತಿನ್ನದಿದ್ರೆ ನಾಳೆಯ ಮಾತು ನಾನು ಹೇಳಲಾರೆ." ಸಿರಿಂಜಿನಲ್ಲಿ ಕುಡಿಸಲು ಗಂಜಿ ಕೊಟ್ಟರು. ಮನೆಗೆ ಬಂದು ಕುಡಿಸಿದರೆ ದೊರೆ ಅದನ್ನು ಟೈಲರನ ಮುಖಕ್ಕೇ ಉಗಿಯಿತು.

ಮಧ್ಯಾಹ್ನ ಅವನು ಹೊಲಿಗೆ ಮಿಷನ್ನನ್ನು ಗೋಡೆಯಿಂದ ಎಳೆದು ಪಂಜರದ ಎದುರಿಗೆ ಹಾಕಿಕೊಂಡ. ಕಣ್ಣು ತಪ್ಪಿಸಿದರೆ ಎಲ್ಲಿ ಕೆಳಗುರುಳುವುದೋ ಎಂಬ ಭಯ. ಈಗ ಬೀದಿಬಾಗಿಲು ಬೆನ್ನಿಗೆ ಬಿತ್ತು. ಸೈಕಲ್ ಹೋದರೆ ತಿರುಗಿದ, ಯಾರೋ ಕೆಮ್ಮಿದರೆ ತಿರುಗಿದ. ಒಂದೂ ನೆಟ್ಟಗಿನ ಹೊಲಿಗೆ ಬೀಳಲಿಲ್ಲ.

"ಆಯ್ತೇನ್ರೀ ನನ್ನ ರವಿಕೆ?"

ಬೆನ್ನ ಹಿಂದೆಯೇ ದನಿ ಕೇಳಿ ಬೆಚ್ಚಿಬಿದ್ದ. ಸೂಜಿ ಹೆಬ್ಬೆರಳಿಗೆ ಇಳಿಯಿತು.

ಎದುರುಮನೆಯ ಟೀಚರಮ್ಮ ನಕ್ಕುಬಿಟ್ಟರು. "ಇದೇನು, ಕದ್ದವರ ಹಾಗೆ ತಿರುತಿರುಗಿ ನೋಡ್ತೀರಿ! ಮೊದಲಿನ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಳ್ರೀ."

ಅವನು ಬೆರಳು ಚೀಪುತ್ತ ಪಂಜರದ ಕಡೆ ನೋಡಿದ. ಒಂದು ಸುತ್ತು. ಹಿಂದಕ್ಕೊಂದು ನೋಟ. ಇನ್ನೊಂದು ಸುತ್ತು.

ಹಳೆಯ ಪಂಜರ ಎರಡು ಗೋಡೆ ಕೂಡುವ ಕಡೆ ಮೇಜಿನ ಮೇಲಿರುತ್ತಿತ್ತು. ದೊರೆ ಹಗಲೆಲ್ಲ ಆ ಮೂಲೆಗೆ ಬೆನ್ನು ಒತ್ತಿಕೊಂಡೇ ಕೂತಿರುತ್ತಿತ್ತು. ಈ ದುಂಡು ಅರಮನೆಯಲ್ಲಿ ಬೆನ್ನಿಡಲು ಜಾಗವೆಲ್ಲಿದೆ?

"ನಾಳೆ ಬನ್ನಿ ಅಮ್ಮ!" ಎಂದವನೇ ಪಂಜರ ಇಳಿಸಿ ಹಳೆಯ ಮೇಜಿನ ಮೇಲಿಟ್ಟ. ಸಾಲದು, ಕಂಬಿಯ ಸಂದಿನಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಕೈಗೆ ಸಿಕ್ಕ ದಪ್ಪ ಬಟ್ಟೆ ಒಂದೇ, ಕಡುನೀಲಿಯದು. ಹುಟ್ಟಿದಾಗಿನಿಂದ ಅಳತೆ ಹಿಡಿಯದೆ ಕತ್ತರಿ ಆಡಿಸದವನು ಆ ಬಟ್ಟೆಯನ್ನು ಕರಕರ ಕತ್ತರಿಸಿದ. ಹಿಂಬದಿಯ ಅರ್ಧಕ್ಕೆ ಬಿಗಿದು, ನಡುವೆ ಒಂದು ಮಡಿಕೆಯನ್ನು ಕಂಬಿಗಳೊಳಗೆ ತೂರಿಸಿ ಎರಡು ಮಗ್ಗುಲಿನ ಮೂಲೆಯಂತೆ ನಿಲ್ಲಿಸಿ, ಕಂಬಿ ಕಂಬಿಗೂ ದಾರ ಹಾಕಿದ. ಹೆಬ್ಬೆರಳ ರಕ್ತ ಬಟ್ಟೆಗೆ ಮೆತ್ತಿತು. ಹೊಸ ಮೆಣಸಿನಕಾಯಿ ಸಿಕ್ಕಿಸಿದ. ಗಿಳಿ ಇನ್ನೂ ಸುತ್ತಿತು. ಗಂಟೆ ನಾಲ್ಕಾಯಿತು, ಐದಾಯಿತು. ಇನ್ನು ಮಾಡಲು ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಹೊರಗೆ ಗಾಡಿ ನಿಂತ ಸದ್ದು. ಭಾವನ ತೋಳು ಹಿಡಿದು, ಹೊಟ್ಟೆಗೊಂದು ಕೈ ಒತ್ತಿಕೊಂಡು ಅಕ್ಕ ಒಳಗೆ ಬಂದಳು. ಮೊದಲು ನೋಡಿದ್ದೇ ಆ ಮೂಲೆಯ ಕಡೆ.

"ದೊರೆ ಎಲ್ಲೋ? ಅದೇನು ಹೊದಿಸಿದೀಯ?" ಅವಳ ದನಿ ಒಡೆಯಿತು. "ಮುಚ್ಚಿಟ್ಟಿದೀಯಾ? ಹೇಳೋ!"

"ಅದು ನನ್ನ ಕೋಟಲ್ವೇನೋ!" ಎಂದ ಭಾವ.

"ಮೆಲ್ಲಗೆ ಮಾತಾಡಿ," ಎಂದ ತಮ್ಮ. ಅಕ್ಕನ ಮುಖ ನೋಡಲು ಧೈರ್ಯ ಸಾಲದೆ ಪಂಜರದ ಮುಂಬದಿಗೆ ಬಗ್ಗಿದ.

ಸುತ್ತುವುದು ನಿಂತಿತ್ತು. ಗಿಳಿ ನೀಲಿ ಮಡಿಕೆಯಲ್ಲಿ ಬೆನ್ನು ಹುದುಗಿಸಿ ಒಂಟಿಕಾಲಲ್ಲಿ ನಿಂತಿತ್ತು, ಎದೆ ಅರ್ಧ ಬೋಳು. ಎತ್ತಿದ ಕಾಲಿನಲ್ಲಿ ಮೆಣಸಿನಕಾಯಿ ಇತ್ತು. ಕಚ್ಚಿರಲಿಲ್ಲ.

ಅಕ್ಕ ಗೋಡೆ ಹಿಡಿದು ನಿಂತಳು. ಪಂಜರದಡಿಯ ಹಳೇ ಪೇಪರಿನ ಮೇಲೆ ಮೆಣಸಿನಕಾಯಿಯ ಬಿಳಿ ಬೀಜವೊಂದು ಉದುರಿತು. ಆಮೇಲೆ ಇನ್ನೊಂದು.