ರೋಗಿಯ ಪಾತ್ರ

"ಏನೂ ಆಗಲ್ಲ ಕಣಮ್ಮ, ಇನ್ನೆರಡು ದಿನದಲ್ಲಿ ಮನೆಗೆ ಹೋಗ್ಬುಡ್ತೀರ," ಎಂದಳು ರಕ್ಷಿತಾ.

ಮಂಚದ ಮೇಲೆ ರೋಗಿಯಾಗಿ ಮಲಗಿದ್ದ ಪ್ರೇಮಲೀಲಾ ಮೇಡಂ ಕಣ್ಣು ತೆರೆದರು. "ಸುಳ್ಳು ಹೇಳ್ಬೇಡ. ಸಾಯ್ತಿದ್ದೀನಿ ಅಂತ ನಂಗೆ ಗೊತ್ತು. ನೀನು ಹಿಂಗಂದ್ರೆ ಇನ್ಮೇಲೆ ನಿನ್ನ ಹತ್ರ ಏನೂ ಹೇಳ್ಕೊಳ್ಳಲ್ಲ. ಹೋಗು, ಮುಂದಿನವರು ಬನ್ನಿ."

ಹುಡುಗಿಯರು ಕಿಸಕ್ಕನೆ ನಕ್ಕರು. ಬನ್ನಿಮಂಟಪದ ಆ ನರ್ಸಿಂಗ್ ಶಾಲೆಯಲ್ಲಿ, ಸಾಯುವವರ ಜೊತೆ ಹೇಗೆ ಮಾತಾಡಬೇಕೆಂಬ ಪಾಠ ಶುರುವಾಗಿದ್ದು ಎರಡು ಸಾವಿರದ ಇಸವಿಯಲ್ಲಿ. ಅಂದಿನಿಂದ ಪ್ರತಿ ತಂಡಕ್ಕೂ ಪ್ರೇಮಲೀಲಾ ಅವರೇ ರೋಗಿ. ಯಾರನ್ನು ನೋಡಬೇಕೆಂದು ಕೇಳಿದರೆ ಮಗಳನ್ನು ಅನ್ನುವುದು, ಅವಳು ದೂರದಲ್ಲಿದ್ದಾಳೆ ಅನ್ನುವುದು, ಎಲ್ಲ ಅವರೇ ಕಟ್ಟಿಕೊಂಡ ಮಾತು. ಮದುವೆಯಾಗದ ಅವರಿಗೆ ಮಗಳೆಲ್ಲಿ? ರಾಮಕೃಷ್ಣನಗರದ ಮನೆಯಲ್ಲಿ ಜೊತೆಗಿದ್ದ ತಾಯಿಯೂ ಕಳೆದ ಆಷಾಢದಲ್ಲಿ ತೀರಿಕೊಂಡಿದ್ದರು.

ಮುಂದೆ ಬಂದವಳು ಕೀರ್ತಿ, ನಂಜನಗೂಡಿನ ಕಡೆಯ ಮಿತಭಾಷಿ ಹುಡುಗಿ. ಸ್ಟೂಲ್ ಎಳೆದುಕೊಂಡು ಕೂತು ಮೇಡಂ ಕೈ ಹಿಡಿದುಕೊಂಡಳು. "ಉಸಿರಾಡೋಕೆ ಕಷ್ಟ ಆಗ್ತಿದೆಯಾ ಅಮ್ಮ?" ಎಂದಳು. ಆಮೇಲೆ, "ಯಾರನ್ನಾದ್ರೂ ನೋಡ್ಬೇಕು ಅನ್ನಿಸ್ತಿದೆಯಾ? ಹೇಳಿ, ಕರೆಸ್ತೀನಿ."

ಪ್ರೇಮಲೀಲಾ ಬಾಯಿ ತೆರೆದರು. ಮಗಳು ಎಂಬ ಮಾತು ಹೊರಡಲಿಲ್ಲ. ನಿಜವಾದ ಒಂದು ಹೆಸರಿಗಾಗಿ ಮನಸ್ಸು ತಡಕಾಡಿತು. ನೆಂಟರು, ಜೊತೆಯಲ್ಲಿ ಕೆಲಸ ಮಾಡಿದವರು, ಪಕ್ಕದ ಮನೆಯವರು. ಕೊನೆಗಾಲಕ್ಕೆ ಇವರೊಬ್ಬರು ಬಂದರೆ ಸಾಕು ಅನ್ನಿಸುವಂಥವರು ಯಾರೂ ಸಿಗಲಿಲ್ಲ. ಕೀರ್ತಿ ಅವಸರ ಮಾಡಲಿಲ್ಲ. ರೋಗಿ ಸುಮ್ಮನಾದಾಗ ಕಾಯಬೇಕೆಂದು ಅವರೇ ಹೇಳಿಕೊಟ್ಟಿದ್ದರು.

"ಯಾರೂ ಇಲ್ಲ ಕಣಮ್ಮ," ಎಂದರು ಕೊನೆಗೆ.

"ಹಂಗಾದ್ರೆ ನಾನೇ ಕೂತಿರ್ತೀನಿ. ಎಲ್ಲೂ ಹೋಗಲ್ಲ."

"ಮೇಡಂ ಎಂಥಾ ಆಕ್ಟಿಂಗ್ ಮಾಡ್ತಾರೆ ಕಣೇ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಕೀರ್ತಿಯ ಕೈ ಇನ್ನಷ್ಟು ಹೊತ್ತು ಹಾಗೇ ಇರಲಿ ಅನ್ನಿಸಿತು ಪ್ರೇಮಲೀಲಾಗೆ. ಆದರೂ ತಮ್ಮ ಕೈ ಬಿಡಿಸಿಕೊಂಡರು.

"ಎಲ್ಲಾ ಚೆನ್ನಾಗಿ ಮಾಡ್ದೆ ಕೀರ್ತಿ. ಆದ್ರೆ ಎಲ್ಲೂ ಹೋಗಲ್ಲ ಅಂತ ಮಾತು ಕೊಡ್ಬಾರ್ದು. ವಾರ್ಡ್ ತುಂಬಾ ಜನ ಇರ್ತಾರೆ. ನೀನು ಎದ್ದು ಹೋಗ್ಲೇಬೇಕಾಗುತ್ತೆ."

"ಸರಿ ಮೇಡಂ," ಎಂದು ಕೀರ್ತಿ ಎದ್ದಳು.

ಊಟದ ಗಂಟೆಯಾಯಿತು. ಹುಡುಗಿಯರೆಲ್ಲ ಗಲಗಲ ಮಾತಾಡುತ್ತ ಹೊರಟರು. ಕೀರ್ತಿ ಮಾತ್ರ ಬಾಗಿಲಲ್ಲಿ ನಿಂತು, "ನೀವು ಬರಲ್ವಾ ಮೇಡಂ?" ಎಂದಳು.

"ನೀನು ನಡಿ. ಬರ್ತೀನಿ."

ಆದರೆ ಅವರು ಏಳಲಿಲ್ಲ. ಕೀರ್ತಿ ಹಿಡಿದಿದ್ದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಎಚ್ಚರವಾಗೇ ಮಲಗಿದ್ದರು. ಕಿಟಕಿ ಮುಚ್ಚಲು ಬಂದ ಅಟೆಂಡರ್ ಮಹದೇವಪ್ಪ, ಮೇಡಂಗೆ ನಿದ್ದೆ ಹತ್ತಿರಬೇಕು ಅಂದುಕೊಂಡ. ಚಪ್ಪಲಿ ಹೊರಗೆ ಬಿಟ್ಟು ಸದ್ದಾಗದಂತೆ ಒಳಗೆ ಬಂದು ಫ್ಯಾನ್ ಹಾಕಿದ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.